ಹೆಪಟೈಟಿಸ್ ಬಿ, ಸಿ ಇದ್ರೆ ಪಿತ್ತನಾಳದ ಕ್ಯಾನ್ಸರ್ ಬರುತ್ತಾ? ನಮ್ಮ ತುಮಕೂರು ಕಡೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ತುಮಕೂರಲ್ಲಿ ಲ್ಯಾಬ್ ಕೆಲಸ ನಂದು. ಬ್ಲಡ್ ತಗೊಳ್ಳೋದು, ಟೆಸ್ಟ್ ಮಾಡೋದು, ರಿಪೋರ್ಟ್ ಕೊಡೋದು. ಹೆಪಟೈಟಿಸ್ ಅಂದ್ರೆ ಲಿವರಿನ ಉರಿಯೂತ, ಬಿ, ಸಿ ಅನ್ನೋವು ಅದನ್ನ ತರೋ ವೈರಸ್ಸುಗಳು, ರಿಪೋರ್ಟಲ್ಲಿ ರಿಯಾಕ್ಟಿವ್ ಅಂದ್ರೆ ಪಾಸಿಟಿವ್ ಅಂತ. ರಿಪೋರ್ಟ್ ಕೈಗೆ ಸಿಕ್ಕಿದ ತಕ್ಷಣ ಜನ ಡಾಕ್ಟರ್ ಹತ್ರ ಹೋಗೋಕ್ ಮುಂಚೆನೇ ಕೌಂಟರ್ ಹತ್ರ ನಿಂತ್ಕೊಂಡು ಕೇಳ್ತಾರೆ, ಮೇಡಂ ಇದೇನು ರಿಯಾಕ್ಟಿವ್ ಅಂತ ಬಂದಿದೆ, ಇದ್ರಿಂದ ಕ್ಯಾನ್ಸರ್ ಬರುತ್ತಂತೆ ಹೌದಾ ಅಂತ. ಮುಂಚೆ ಬರೀ ಲಿವರ್ ಕ್ಯಾನ್ಸರ್ ಬಗ್ಗೆ ಕೇಳೋರು, ಈಗ ಮೊಬೈಲಲ್ಲಿ ಏನೇನೋ ನೋಡ್ಕೊಂಡು ಬಂದು ಪಿತ್ತನಾಳದ ಕ್ಯಾನ್ಸರ್ ಬಗ್ಗೆನೂ ಕೇಳ್ತಾರೆ. ಸಿರಾ, ಮಧುಗಿರಿ, ಪಾವಗಡ, ಆಕಡೆ ಗೌರಿಬಿದನೂರಿಂದ ಬರೋರ ಪ್ರಶ್ನೆಗಳನ್ನೇ ಇಲ್ಲಿ ಒಂದ್ ಕಡೆ ಸೇರಿಸಿದೀನಿ. ನಾನು ಡಾಕ್ಟರ್ ಅಲ್ಲ, ಮಾತ್ರೆ ಶುರು ಮಾಡೋದು ನಿಲ್ಸೋದು ಎಲ್ಲಾ ನಿಮ್ಮ ಡಾಕ್ಟರೇ ಹೇಳ್ಬೇಕು.

ಪಿತ್ತನಾಳ ಅಂದ್ರೆ ಯಾವುದು? ಪಿತ್ತಕೋಶ ಬೇರೆನಾ?

ಬೇರೆ. ನಮ್ಮ ಲಿವರ್ ದಿನಕ್ಕೆ ಅರ್ಧ ಲೀಟರಿಂದ ಒಂದ್ ಲೀಟರ್ ತನಕ ಪಿತ್ತರಸ ತಯಾರು ಮಾಡುತ್ತೆ, ಜಿಡ್ಡಿನ ಊಟ ಜೀರ್ಣ ಆಗೋಕೆ ಅದು ಬೇಕು. ಮಳೆಗಾಲದಲ್ಲಿ ಸಣ್ಣ ಸಣ್ಣ ಹಳ್ಳ ಸೇರ್ಕೊಂಡು ದೊಡ್ಡ ಹಳ್ಳ ಆಗಿ ಕೆರೆಗೆ ಬೀಳುತ್ತಲ್ಲ, ಹಂಗೆ ಲಿವರ್ ಒಳಗಿನ ಕೂದಲಷ್ಟು ಸಣ್ಣ ನಾಳಗಳು ಸೇರಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನಾಳ ಆಗಿ, ಅವೆರಡೂ ಲಿವರ್ ಬಾಗಿಲಲ್ಲಿ ಒಂದಾಗಿ ಸಣ್ಣ ಕರುಳಿಗೆ ಹೋಗಿ ಸೇರುತ್ತೆ. ಈ ದಾರಿನೇ ಪಿತ್ತನಾಳ. ಪಿತ್ತಕೋಶ, ಅಂದ್ರೆ ಗಾಲ್‌ಬ್ಲಾಡರ್, ಪಕ್ಕದಲ್ಲಿ ಪಿತ್ತರಸ ಕೂಡಿಡೋ ಚೀಲ ಅಷ್ಟೆ.

ನಾಳದ ಒಳಪದರದಲ್ಲಿ ಹುಟ್ಟೋ ಕ್ಯಾನ್ಸರಿಗೆ ಡಾಕ್ಟರ್‌ಗಳು ಕೊಲಾಂಜಿಯೋಕಾರ್ಸಿನೋಮಾ ಅಂತಾರೆ. ಮೂರು ಜಾಗದಲ್ಲಿ ಬರಬಹುದು: ಲಿವರ್ ಒಳಗೆ, ಎರಡು ನಾಳ ಸೇರೋ ಜಾಗದಲ್ಲಿ, ಇಲ್ಲಾಂದ್ರೆ ಕೆಳಗಡೆ ಕರುಳಿನ ಹತ್ರ. ಯಾವ ಜಾಗ ಅನ್ನೋದು ಮುಖ್ಯ ಯಾಕಂದ್ರೆ ಹೆಪಟೈಟಿಸ್ ವೈರಸ್ಸಿಗೂ ಇದಕ್ಕೂ ಇರೋ ನಂಟು ಜಾಸ್ತಿ ಕಾಣ್ಸೋದು ಲಿವರ್ ಒಳಗಡೆ ಬರೋ ತರದಲ್ಲಿ. ಹೊರಗಿನ ನಾಳದ ಕ್ಯಾನ್ಸರಿಗೆ ಆ ನಂಟು ಕಮ್ಮಿ.

ಸರಿ, ಹೆಪಟೈಟಿಸ್ ಬಿ ಅಥವಾ ಸಿ ಇದ್ರೆ ಇದು ಬಂದೇ ಬರುತ್ತಾ?

ಇಲ್ಲ. ನಂಟಿದೆ ಅನ್ನೋದು ನಿಜ, ಆದ್ರೆ ಬಂದೇ ಬರುತ್ತೆ ಅನ್ನೋದು ಸುಳ್ಳು.

ಬೇರೆ ಬೇರೆ ದೇಶದಲ್ಲಿ ನಡೆದ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡ್ದಾಗ, ವರ್ಷಗಟ್ಲೆ ಬಿ ಅಥವಾ ಸಿ ವೈರಸ್ ಮೈಯಲ್ಲಿ ಇಟ್ಕೊಂಡಿರೋರಿಗೆ ಲಿವರ್ ಒಳಗಿನ ಪಿತ್ತನಾಳದ ಕ್ಯಾನ್ಸರ್ ಬರೋ ಸಾಧ್ಯತೆ, ವೈರಸ್ ಇಲ್ದೋರಿಗಿಂತ ಹೆಚ್ಚುಕಮ್ಮಿ 2ರಿಂದ 5 ಪಟ್ಟು ಜಾಸ್ತಿ ಅಂತ ಕಾಣುತ್ತೆ. ಐದು ಪಟ್ಟು ಅಂದ ತಕ್ಷಣ ಎದೆ ಧಸಕ್ ಅನ್ನುತ್ತೆ, ಗೊತ್ತು. ಆದ್ರೆ ಈ ಕ್ಯಾನ್ಸರೇ ಅಪರೂಪದ್ದು, ಪ್ರಪಂಚದ ಬಹಳಷ್ಟು ದೇಶಗಳಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಆರು ಜನಕ್ಕಿಂತ ಕಮ್ಮಿ. ಒಂದ್ ಲೆಕ್ಕ ಹಾಕೋಣ ಅಂತಿಟ್ಕೊಳ್ಳಿ, ಲಕ್ಷಕ್ಕೆ ಇಬ್ರಿಗೆ ಬರೋ ಕಡೆ ನಾಲ್ಕು ಪಟ್ಟು ಆದ್ರೆ ಎಂಟು ಜನ ಆಯ್ತು, ಮಿಕ್ಕಿದ 99,992 ಜನಕ್ಕೆ ಆ ವರ್ಷ ಅದು ಬರಲ್ಲ. ಹಂಗಾಗಿ ರಿಪೋರ್ಟ್ ನೋಡಿದ ದಿನನೇ ಮನೆಯವ್ರೆಲ್ಲ ಕೂತ್ಕೊಂಡು ಅಳೋ ಅಂಥದ್ದೇನಿಲ್ಲ, ಆದ್ರೆ ರಿಪೋರ್ಟನ್ನ ಬೀರುವಿನಲ್ಲಿ ಸೀರೆ ಕೆಳಗೆ ಬಚ್ಚಿಟ್ಟು ಮರೆತುಬಿಡೋದೂ ತಪ್ಪು.

ಇನ್ನೊಂದ್ ವಿಷ್ಯ. ಬಿ, ಸಿ ವೈರಸ್ಸಿಂದ ಜಾಸ್ತಿ ಬರೋದು ಲಿವರ್ ಜೀವಕೋಶದ್ದೇ ಕ್ಯಾನ್ಸರ್, ಅದಕ್ಕೆ ಹೆಪಟೋಸೆಲ್ಯುಲರ್ ಕಾರ್ಸಿನೋಮಾ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವ್ರು 2012ರ ವರದೀಲಿ ಲಿವರ್ ಕ್ಯಾನ್ಸರಿಗೆ ಈ ಎರಡು ವೈರಸ್ ಕಾರಣ ಅಂತ ಖಡಾಖಂಡಿತವಾಗಿ ಹೇಳಿದಾರೆ, ಪಿತ್ತನಾಳದ ಕ್ಯಾನ್ಸರ್ ವಿಷ್ಯದಲ್ಲಿ ಮಾತ್ರ ನಂಟು ಕಂಡುಬಂದಿದೆ ಅಂತ ಇನ್ನೊಂದ್ ಮೆಟ್ಲು ಕೆಳಗೆ ಇಟ್ಟಿದಾರೆ. ನೀವು ಮಾಡಿಸೋ ಚೆಕಪ್ಪು, ತಗೊಳ್ಳೋ ಮಾತ್ರೆ ಎರಡಕ್ಕೂ ಒಂದೇ, ಅದೊಂದು ಸಮಾಧಾನ.

ವೈರಸ್ ಇರೋದು ಲಿವರಲ್ಲಿ, ಪಿತ್ತನಾಳಕ್ಕೆ ಹೆಂಗೆ ಕ್ಯಾನ್ಸರ್ ಆಗುತ್ತೆ?

ಲಿವರ್ ಜೀವಕೋಶ, ಪಿತ್ತನಾಳದ ಜೀವಕೋಶ ಎರಡೂ ಒಂದೇ ಬುಡದಿಂದ ಹುಟ್ಟೋವು, ದೊಡ್ಡೋರಾದ ಮೇಲೂ ಲಿವರಲ್ಲಿ ಆ ತರದ ಮೂಲ ಕೋಶಗಳು ಒಂದಿಷ್ಟು ಉಳ್ಕೊಂಡಿರ್ತವೆ. ವೈರಸ್ ಇಪ್ಪತ್ತು ಮೂವತ್ತು ವರ್ಷ ಲಿವರಲ್ಲಿ ಕೂತ್ರೆ ದಿನಾ ಒಂದಿಷ್ಟು ಕೋಶ ಸಾಯೋದು, ಹೊಸದು ಹುಟ್ಟೋದು, ಉರಿಯೂತ, ಗಾಯ, ಕಲೆ ಹೀಗೇ ನಡೀತಾ ಇರುತ್ತೆ. ಹೊಸ ಕೋಶ ಹುಟ್ಟೋವಾಗ ಒಂದೊಂದ್ಸಲ ಡಿಎನ್ಎ ಕಾಪಿ ಆಗೋದ್ರಲ್ಲಿ ತಪ್ಪಾಗುತ್ತೆ, ಆ ತಪ್ಪು ವರ್ಷಗಟ್ಲೆ ಒಂದರ ಮೇಲೊಂದು ಸೇರ್ಕೊಳ್ಳುತ್ತೆ. ಬಿ ವೈರಸ್ ಅಂತೂ ತನ್ನ ಡಿಎನ್ಎ ತುಂಡನ್ನ ನಮ್ಮ ಕೋಶದ ಡಿಎನ್ಎ ಒಳಗೇ ಸೇರಿಸ್ಬಿಡುತ್ತೆ, ಹಂಗಾಗಿ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗೋಕ್ ಮುಂಚೆನೂ ಕ್ಯಾನ್ಸರ್ ಬರೋ ಸಾಧ್ಯತೆ ಇರುತ್ತೆ. ಸಿ ವೈರಸ್ ಹಂಗೆ ಒಳಗೆ ಸೇರ್ಕೊಳ್ಳಲ್ಲ, ಅದು ಉರಿಯೂತ, ಸಿರೋಸಿಸ್ ದಾರಿಯಲ್ಲೇ ಜಾಸ್ತಿ ಹಾನಿ ಮಾಡೋದು.

ನಮ್ಮ ಹುಡುಗನಿಗೆ ಹೋದ್ ವರ್ಷ ಕಾಮಾಲೆ ಆಗಿತ್ತು. ಅವನಿಗೂ ಮುಂದೆ ಈ ಭಯ ಇದೆಯಾ?

ಯಾವ ಹೆಪಟೈಟಿಸ್ ಅಂತ ನೋಡ್ಬೇಕು. ಗಲೀಜು ನೀರಿಂದ, ಬೀದಿಬದಿ ಊಟದಿಂದ ಬರೋದು ಎ ಮತ್ತೆ ಇ. ಜಾತ್ರೆ ಆದ್ಮೇಲೆ, ಬೋರ್‌ವೆಲ್ ನೀರಿಗೆ ಚರಂಡಿ ಸೇರ್ದಾಗ, ಹಾಸ್ಟೆಲಲ್ಲಿ ಒಟ್ಟಿಗೆ ಹತ್ತು ಮಕ್ಳಿಗೆ ಕಣ್ಣು ಹಳದಿ ಆಯ್ತು ಅಂದ್ರೆ ಹೆಚ್ಚಾಗಿ ಇವೇ. ಕೆಲವು ವಾರದಲ್ಲಿ ತಾನಾಗೇ ವಾಸಿ ಆಗುತ್ತೆ, ಮೈಯಲ್ಲಿ ಉಳ್ಕೊಳ್ಳಲ್ಲ, ಕ್ಯಾನ್ಸರಿಗೂ ಇವಕ್ಕೂ ಸಂಬಂಧ ಇಲ್ಲ. ಗರ್ಭಿಣಿಯರಿಗೆ ಮಾತ್ರ ಹೆಪಟೈಟಿಸ್ ಇ ಬಹಳ ಅಪಾಯ, ಅವ್ರು ಒಂದ್ ದಿನನೂ ಕಾಯ್ಬಾರ್ದು.

ಉಳ್ಕೊಳ್ಳೋವು ಬಿ ಮತ್ತೆ ಸಿ. ಇವು ರಕ್ತದಿಂದ, ಒಬ್ರಿಗೆ ಹಾಕಿದ ಸೂಜಿನೇ ಇನ್ನೊಬ್ರಿಗೆ ಹಾಕೋದ್ರಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಂದ ಮಗುಗೆ ಬರೋದು. ಹುಟ್ಟುವಾಗ ಬಿ ತಗುಲಿದ್ರೆ 90 ಪರ್ಸೆಂಟ್ ಮಕ್ಳಲ್ಲಿ ಅದು ಶಾಶ್ವತವಾಗಿ ಉಳ್ಕೊಳ್ಳುತ್ತೆ, ದೊಡ್ಡೋರಿಗೆ ತಗುಲಿದ್ರೆ ನೂರಕ್ಕೆ ಐದಕ್ಕಿಂತ ಕಮ್ಮಿ ಜನರಲ್ಲಿ. ಸಿ ಉಲ್ಟಾ, ದೊಡ್ಡೋರಲ್ಲೇ ನೂರಕ್ಕೆ ಎಪ್ಪತ್ತು ಜನರ ಹತ್ತತ್ರ ಉಳ್ಕೊಂಡ್ಬಿಡುತ್ತೆ. ಎರಡರಲ್ಲೂ ಕಾಮಾಲೆ ಕಾಣಿಸ್ಕೊಳ್ದೆನೇ ಇರಬಹುದು, ಅದೇ ದೊಡ್ಡ ತೊಂದ್ರೆ, ಮೂವತ್ತು ವರ್ಷ ಹೊಲದಲ್ಲಿ ಗಟ್ಟಿಮುಟ್ಟಾಗಿ ದುಡೀತಾ ಇದ್ದೋರು ಹರ್ನಿಯಾ ಆಪರೇಷನ್ನಿಗೆ ಅಂತ ಬ್ಲಡ್ ಟೆಸ್ಟ್ ಮಾಡಿಸ್ದಾಗ ಗೊತ್ತಾಗೋದು. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಹೆಪಟೈಟಿಸ್ ಬಿ ಇರೋರು 2.98 ಕೋಟಿ, ಸಿ ಇರೋರು 55 ಲಕ್ಷ, ಅದ್ರಲ್ಲಿ ಬಹಳಷ್ಟು ಜನಕ್ಕೆ ಇನ್ನೂ ಗೊತ್ತೇ ಇಲ್ಲ.

ಕಾಮಾಲೆಗೆ ನಮ್ಮೂರ ಹತ್ರ ನಾಟಿ ಔಷಧಿ ಕೊಡ್ತಾರೆ, ಬೇಗ ವಾಸಿ ಆಗುತ್ತೆ. ಅದು ಕುಡಿಸಿದ್ರೆ ಸಾಲ್ದಾ?

ಇದೊಂದು ಪ್ರಶ್ನೆಗೆ ಉದ್ದಕ್ಕೆ ಬರೀತೀನಿ, ಬೇಜಾರ್ ಮಾಡ್ಕೋಬೇಡಿ, ನಂಗೆ ಈ ಪುಟ ಬರೀಬೇಕು ಅನ್ಸಿದ್ದೇ ಇದಕ್ಕೋಸ್ಕರ.

ನಮ್ಮ ಕಡೆ ಕಣ್ಣು ಹಳದಿ ಆಯ್ತು ಅಂದ್ರೆ ಮೊದ್ಲು ಹೋಗೋದು ನಾಟಿ ಔಷಧಿಗೇ. ಬೆಳಿಗ್ಗೆ ಸೂರ್ಯ ಹುಟ್ಟೋಕ್ ಮುಂಚೆ ಖಾಲಿ ಹೊಟ್ಟೇಲಿ ಹೋಗಿ ಸೊಪ್ಪಿನ ರಸ ಕುಡಿಯೋದು, ಕೆಲವು ಕಡೆ ಮೂಗಿಗೆ ಕಣ್ಣಿಗೆ ಬಿಡಿಸ್ಕೊಳ್ಳೋದು, ಇನ್ನು ಕೆಲವು ಕಡೆ ಕೈಗೆ ಬರೆ ಹಾಕಿಸ್ಕೊಳ್ಳೋದು, ಆಮೇಲೆ ಉಪ್ಪು ಹುಳಿ ಖಾರ ಎಣ್ಣೆ ಬಿಟ್ಟು ಪಥ್ಯ. ನೀರಿಂದ ಬಂದ ಎ ಕಾಮಾಲೆ ಆಗಿದ್ರೆ ಅದು ಔಷಧಿ ಕುಡಿದ್ರೂ ಕುಡೀದಿದ್ರೂ ಕೆಲವು ವಾರದಲ್ಲಿ ಇಳಿಯುತ್ತೆ, ಹಂಗಾಗಿ ಊರಲ್ಲಿ ನೂರು ಜನಕ್ಕೆ ವಾಸಿ ಆಯ್ತು ಅನ್ನೋ ಮಾತು ಹುಟ್ಕೊಂಡಿರುತ್ತೆ, ಹೇಳೋರು ಸುಳ್ಳು ಹೇಳ್ತಿಲ್ಲ, ಕಣ್ಣಾರೆ ನೋಡಿರ್ತಾರೆ. ಆದ್ರೆ ಕಾಮಾಲೆ ಅನ್ನೋದು ಒಂದ್ ಕಾಯಿಲೆ ಅಲ್ಲ ಕಣ್ರಿ, ಹತ್ತಾರು ಕಾಯಿಲೆಗಳ ಲಕ್ಷಣ. ನಾಳ ಕಟ್ಕೊಂಡು ಬಂದ ಕಾಮಾಲೆಗೆ ಯಾವ ಸೊಪ್ಪೂ ದಾರಿ ಬಿಡಿಸಲ್ಲ. ಕಲ್ಲೇ ಅಡ್ಡ ಬಂದಿರಲಿ, ಗೆಡ್ಡೆನೇ ಇರಲಿ, ಅದು ಇದ್ದ ಜಾಗದಲ್ಲೇ ಇರುತ್ತೆ, ಗೆಡ್ಡೆ ಆದ್ರೆ ಬೆಳೀತಾನೂ ಇರುತ್ತೆ.

ಲ್ಯಾಬಲ್ಲಿ ನಮಗೆ ಇದು ಕಣ್ಣಿಗೇ ಕಾಣುತ್ತೆ. ಬ್ಲಡ್ ಟ್ಯೂಬನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ತೆಗೆದ್ರೆ ಮೇಲೆ ನಿಲ್ಲೋ ಸೀರಂ ಮಾಮೂಲಿ ಆಗಿ ತಿಳಿ ಹಳದಿ ಇರ್ಬೇಕು. ನಾಳ ಪೂರ್ತಿ ಕಟ್ಕೊಂಡಿರೋರ ಸೀರಂ ಗಾಢ ಹಳದಿ, ಒಂದೊಂದ್ಸಲ ಹಸಿರು ಛಾಯೆ. ಬಂದು ಕೂತೋರ ಮೊಣಕೈ, ಹೊಟ್ಟೆ ಮೇಲೆ ಉಗುರಲ್ಲಿ ಕೆರೆದ ಗೆರೆಗಳು, ರಾತ್ರಿ ನಿದ್ದೆ ಇಲ್ಲ ಮೇಡಂ ಬರೀ ನವೆ ಅಂತಾರೆ, ಎಷ್ಟ್ ದಿನದಿಂದ ಅಂದ್ರೆ ಮೂರನೇ ಕೋರ್ಸ್ ಔಷಧಿ ನಡೀತಿದೆ, ಪಥ್ಯ ಕೆಟ್ಟಿದ್ದಕ್ಕೆ ಇಳೀತಿಲ್ಲ ಅಂದಿದಾರೆ ಅಂತಾರೆ. ಆ ಮನುಷ್ಯ ಆಗ್ಲೇ ಉಪ್ಪು ಎಣ್ಣೆ ಬಿಟ್ಟು ಅರ್ಧ ಆಗೋಗಿರ್ತಾರೆ, ಅದಕ್ಕೆ ಮೇಲಿಂದ ತಪ್ಪೂ ಅವ್ರದ್ದೇ ಅಂತ ಅವ್ರ ತಲೇಲಿ ಕೂತಿರುತ್ತೆ. ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಪಿತ್ತನಾಳದ ಕ್ಯಾನ್ಸರಲ್ಲಿ ಆಪರೇಷನ್ ಮಾಡೋಕೆ ಆಗೋ ಕಾಲ ಅಂತ ಒಂದಿರುತ್ತೆ, ಅದು ಕೈ ಬಿಟ್ಟು ಹೋಗೋದು ಇಂಥ ವಾರಗಳಲ್ಲೇ.

ಅದಕ್ಕೆ ಕೈಮುಗಿದು ಕೇಳ್ಕೊಳ್ಳೋದು ಇಷ್ಟೇ: ನಾಟಿ ಔಷಧಿಗೆ ಹೋಗೋರು ಹೋಗೋಕ್ ಮುಂಚೆ ಒಂದ್ ಎಲ್‌ಎಫ್‌ಟಿ (ಲಿವರ್ ಹೆಂಗಿದೆ ಅಂತ ನೋಡೋ ಬ್ಲಡ್ ಟೆಸ್ಟ್), ಒಂದ್ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಟೆಸ್ಟ್), ಒಂದ್ ಆಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ಟೆಸ್ಟ್), ಒಂದ್ ಹೊಟ್ಟೆ ಸ್ಕ್ಯಾನ್ ಮಾಡಿಸಿ. ಯಾವ ಕಾಮಾಲೆ ಅಂತ ಮೊದ್ಲು ಗೊತ್ತಾಗ್ಲಿ. ಕೆಲವು ಗಿಡಮೂಲಿಕೆ ಲಿವರಿಗೇ ಪೆಟ್ಟು ಕೊಡುತ್ತೆ ಅನ್ನೋದೂ ಗೊತ್ತಿರ್ಲಿ, ಆಗ್ಲೇ ಸೋತಿರೋ ಲಿವರಿಗೆ ಅದು ತಡ್ಕೊಳ್ಳೋಕಾಗಲ್ಲ.

ವೈರಸ್ ಕಾಮಾಲೆನಾ, ನಾಳ ಕಟ್ಕೊಂಡಿರೋ ಕಾಮಾಲೆನಾ ಅಂತ ಹೆಂಗೆ ಗೊತ್ತಾಗುತ್ತೆ?

ಮನೇಲೇ ಒಂದಿಷ್ಟು ಸುಳಿವು ಸಿಗುತ್ತೆ. ಮಲ ಬೂದಿ ಬಣ್ಣಕ್ಕೆ ಅಥವಾ ಬಿಳಿಚಿಕೊಂಡು ಬರ್ತಿದ್ರೆ, ಮೂತ್ರ ಕರಿ ಟೀ ಬಣ್ಣ ಆಗಿದ್ರೆ, ಮೈಯೆಲ್ಲ ವಿಪರೀತ ನವೆ ಇದ್ರೆ, ಜ್ವರ ನೋವು ಏನಿಲ್ದೆ ಸುಮ್ನೆ ಹಳದಿ ಏರ್ತಾನೇ ಹೋಗ್ತಿದ್ರೆ, ತೂಕ ಇಳೀತಿದ್ರೆ ನಾಳ ಕಟ್ಕೊಂಡಿರೋ ಅನುಮಾನ ಜಾಸ್ತಿ. ಇದ್ರ ಜೊತೆ ಚಳಿ ಜ್ವರ ಬಂದು ನಡುಗ್ತಿದ್ರೆ ಅದು ಎಮರ್ಜೆನ್ಸಿ, ನಾಳದಲ್ಲಿ ಕೀವು ಆಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ರಿಪೋರ್ಟಲ್ಲಿ ನೋಡೋದಾದ್ರೆ, ಹೊಸದಾಗಿ ಬಂದ ವೈರಲ್ ಹೆಪಟೈಟಿಸಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಅನ್ನೋ ಲಿವರ್ ಎಂಜೈಮ್ ಸಾವಿರದ ಲೆಕ್ಕದಲ್ಲಿ ಏರಿರುತ್ತೆ. ನಾಳ ಕಟ್ಕೊಂಡಿದ್ರೆ ಅವು ಅಷ್ಟು ಏರಿರಲ್ಲ, ಬದ್ಲಿಗೆ ಆಲ್ಕಲೈನ್ ಫಾಸ್ಫಟೇಸ್, ಜಿಜಿಟಿ ಅನ್ನೋ ಬೇರೆ ಎಂಜೈಮ್ ಏರಿರುತ್ತೆ, ಹಳದಿ ಬಣ್ಣ ತರೋ ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಭಾಗ ಜಾಸ್ತಿ. ಆದ್ರೆ ಲಿವರ್ ಒಳಗಿನ ಸಣ್ಣ ನಾಳದಲ್ಲಿ ಗೆಡ್ಡೆ ಆದ್ರೆ ಕಾಮಾಲೆನೇ ಬರ್ದೆ ಇರಬಹುದು, ಬರೀ ಬಲಗಡೆ ಪಕ್ಕೆ ಹತ್ರ ಮಂದ ನೋವು, ಹಸಿವಿಲ್ಲ, ಸುಸ್ತು ಅಷ್ಟೆ ಇರುತ್ತೆ. ಬಿ, ಸಿ ಇರೋರಿಗೆ ಬರೋದು ಇದೇ ತರ ಆದ್ರಿಂದ ಕಣ್ಣು ಹಳದಿ ಆಗೋ ತನಕ ಕಾಯೋದು ಅವ್ರಿಗೆ ಸರಿ ಹೋಗಲ್ಲ, ಸ್ಕ್ಯಾನೇ ಬೇಕು.

ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಅಂತ ಬಂದಿದೆ, ನಂಗೇನೂ ತೊಂದ್ರೆ ಇಲ್ಲ. ಏನ್ ಮಾಡ್ಲಿ?

ಕಾರ್ಡ್ ಟೆಸ್ಟಲ್ಲಿ ಎರಡು ಗೆರೆ ಬಂದ್ರೆ ಆ ಹೊತ್ತಿಗೆ ವೈರಸ್ ಮೈಯಲ್ಲಿದೆ ಅಂತ. ಆರು ತಿಂಗ್ಳು ಬಿಟ್ಟೂ ಪಾಸಿಟಿವ್ ಬಂದ್ರೆ ಅದು ಉಳ್ಕೊಂಡಿರೋ ಸೋಂಕು ಅಂತ ಲೆಕ್ಕ. ಆಮೇಲೆ ಡಾಕ್ಟರ್ ನೋಡೋದು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಎಚ್‌ಬಿಇಎಜಿ (ವೈರಸ್ ಎಷ್ಟು ಚುರುಕಾಗಿದೆ ಅನ್ನೋದರ ಸುಳಿವು), ಎಲ್‌ಎಫ್‌ಟಿ, ಪ್ಲೇಟ್‌ಲೆಟ್, ಹೊಟ್ಟೆ ಸ್ಕ್ಯಾನ್, ಸಾಧ್ಯ ಆದ್ರೆ ಲಿವರ್ ಎಷ್ಟು ಗಟ್ಟಿ ಆಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್. ಇದೆಲ್ಲ ನೋಡಿ ಕೆಲವ್ರಿಗೆ ಮಾತ್ರೆ ಶುರು ಮಾಡ್ತಾರೆ, ಕೆಲವ್ರಿಗೆ ಈಗ ಬೇಡ ಚೆಕಪ್ಪಿಗೆ ಬನ್ನಿ ಅಂತಾರೆ. ಈಗ ಬೇಡ ಅಂದಿದ್ದನ್ನ ನಮ್ಮ ಜನ ಏನಿಲ್ಲವಂತೆ ಅಂತ ಕೇಳಿಸ್ಕೊಂಡು ಹೋಗ್ಬಿಡ್ತಾರೆ, ಐದು ವರ್ಷ ತಿರುಗಿ ಬರಲ್ಲ. ಹಂಗೆ ಮಾಡ್ಬೇಡಿ.

ಟೆನೊಫೊವಿರ್, ಎಂಟೆಕಾವಿರ್ ಅನ್ನೋ ಮಾತ್ರೆ ದಿನಕ್ಕೊಂದು. ವೈರಸ್ಸನ್ನ ಪೂರ್ತಿ ಓಡಿಸಲ್ಲ, ಆದ್ರೆ ಅದು ಹೆಚ್ಚದ ಹಾಗೆ ಅದುಮಿ ಇಡುತ್ತೆ, ಲಿವರ್ ಕೆಡೋದು ನಿಲ್ಲುತ್ತೆ, ಲಿವರ್ ಕ್ಯಾನ್ಸರ್ ಅಪಾಯ ಇಳಿಯುತ್ತೆ. ಊರ ಹಬ್ಬ ಬಂತು, ದುಡ್ಡಿಲ್ಲ, ಚೆನ್ನಾಗಿದೀನಿ ಅಂತ ನಿಮ್ಮಷ್ಟಕ್ಕೆ ನಿಲ್ಲಿಸಿದ್ರೆ ವೈರಸ್ ಒಮ್ಮೆಗೇ ಮೇಲೆದ್ದು ಲಿವರ್ ಫೇಲ್ ಆಗೋ ತನಕ ಹೋಗಬಹುದು.

ಆಂಟಿ ಎಚ್‌ಸಿವಿ ಪಾಸಿಟಿವ್ ಅಂದ್ರೆ?

ವೈರಸ್ ಯಾವತ್ತೋ ಮೈಗೆ ಬಂದಿತ್ತು ಅಂತ ಮಾತ್ರ. ಈಗ್ಲೂ ಇದೆಯಾ ಅಂತ ತಿಳಿಯೋಕೆ ರಕ್ತದಲ್ಲಿ ವೈರಸ್ಸನ್ನೇ ಹುಡುಕೋ ಆರ್‌ಎನ್‌ಎ ಟೆಸ್ಟ್ ಬೇಕು. ಇದ್ರೆ ಖುಷಿ ವಿಷ್ಯ ಹೇಳ್ತೀನಿ, ಸಿ ಪೂರ್ತಿ ವಾಸಿ ಆಗೋ ಕಾಯಿಲೆ. ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಾಟಾಸ್ವಿರ್, ಸಾಮಾನ್ಯವಾಗಿ 12 ವಾರ, ಬರೀ ಮಾತ್ರೆ, ನೂರಕ್ಕೆ 95 ಜನಕ್ಕೂ ಹೆಚ್ಚು ವಾಸಿ. ಮುಂಚೆ ಇಂಜೆಕ್ಷನ್ ಹಾಕಿಸ್ಕೊಂಡು ತಿಂಗಳುಗಟ್ಲೆ ಜ್ವರ ಮೈಕೈ ನೋವು ಅನುಭವಿಸಿದ್ರೂ ಬಹಳ ಜನಕ್ಕೆ ಗುಣ ಆಗ್ತಾ ಇರ್ಲಿಲ್ಲ ಅನ್ನೋದು ನೆನೆಸ್ಕೊಂಡ್ರೆ ಇದು ಎಷ್ಟು ದೊಡ್ಡ ವಿಷ್ಯ ಅಂತ ಗೊತ್ತಾಗುತ್ತೆ. ಸಿ ವೈರಸ್ ಕಂಡುಹಿಡಿದಿದ್ದೇ 1989ರಲ್ಲಿ, ಅದಕ್ಕೆ ದುಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್‌ಗೆ 2020ರಲ್ಲಿ ನೊಬೆಲ್ ಬಂತು.

ವಾಸಿ ಆದ್ಮೇಲೂ ಆಂಟಿ ಎಚ್‌ಸಿವಿ ಜೀವನಪೂರ್ತಿ ಪಾಸಿಟಿವೇ ತೋರಿಸುತ್ತೆ, ಗಾಬರಿ ಆಗ್ಬೇಡಿ, ಆರ್‌ಎನ್‌ಎ ನೆಗೆಟಿವ್ ರಿಪೋರ್ಟ್ ಜೋಪಾನವಾಗಿ ಇಟ್ಕೊಳ್ಳಿ. ಮತ್ತೆ, ಆಗ್ಲೇ ಸಿರೋಸಿಸ್ ಆಗಿದ್ರೆ ವೈರಸ್ ಹೋದ್ರೂ ಕ್ಯಾನ್ಸರ್ ಅಪಾಯ ಕಮ್ಮಿ ಆಗುತ್ತೇ ಹೊರತು ಸೊನ್ನೆ ಆಗಲ್ಲ, ಸ್ಕ್ಯಾನ್ ಮಾಡಿಸ್ತಾನೇ ಇರ್ಬೇಕು.

ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಹೆರಿಗೆ, ಆಕ್ಸಿಡೆಂಟ್, ಆಪರೇಷನ್ ಅಂತ ರಕ್ತ ಹಾಕಿಸ್ಕೊಂಡಿರೋ ಅಮ್ಮಂದ್ರು ಅಜ್ಜಂದ್ರು ಮನೇಲಿ ಇದ್ರೆ ಒಂದ್ಸಲ ಈ ಟೆಸ್ಟ್ ಮಾಡಿಸಿ. ಆಗ ರಕ್ತನಿಧಿಗಳಲ್ಲಿ ಸಿ ವೈರಸ್ ಪರೀಕ್ಷೆ ಈಗಿನಷ್ಟು ಕಡ್ಡಾಯವಾಗಿ ನಡೀತಿರ್ಲಿಲ್ಲ. ಡಯಾಲಿಸಿಸ್ ಮೇಲಿರೋರೂ ಅಷ್ಟೆ.

ಪಿತ್ತನಾಳದ ಕ್ಯಾನ್ಸರ್ ಮುಂಚೆನೇ ಕಂಡುಹಿಡಿಯೋ ಟೆಸ್ಟ್ ಇದೆಯಾ? ಸಿಎ 19-9 ಅಂತ ಪ್ಯಾಕೇಜಲ್ಲಿ ಇದೆ.

ಆರಾಮಾಗಿರೋರಿಗೆಲ್ಲ ಮಾಡ್ಸಿ ಅನ್ನೋ ಅಂಥ ಟೆಸ್ಟ್ ಇಲ್ಲ. ಸಿಎ 19-9 ಅನ್ನೋದು ಕೆಲವು ಕ್ಯಾನ್ಸರಲ್ಲಿ ರಕ್ತದಲ್ಲಿ ಏರೋ ಒಂದು ವಸ್ತು, ಆದ್ರೆ ಬರೀ ಕಲ್ಲಿಂದ ನಾಳ ಕಟ್ಕೊಂಡ್ರೂ ಅದು ಏರುತ್ತೆ, ಕೆಲವ್ರ ಮೈಯಲ್ಲಿ ಹುಟ್ಟಿನಿಂದಲೇ ಅದು ತಯಾರಾಗಲ್ಲ, ಅವ್ರಿಗೆ ಕ್ಯಾನ್ಸರ್ ಇದ್ರೂ ನಾರ್ಮಲ್ ತೋರಿಸುತ್ತೆ. ಡಾಕ್ಟರ್ ಅನುಮಾನ ಬಂದು ಬರೆದ್ರೆ ಅದಕ್ಕೊಂದು ಅರ್ಥ, ಆಫರ್ ಇದೆ ಅಂತ ಮಾಡಿಸ್ಕೊಂಡ್ರೆ ದುಡ್ಡು ದಂಡ, ನಿದ್ದೆ ದಂಡ.

ಸಿರೋಸಿಸ್ ಇರೋರಿಗೆ ಮತ್ತೆ ಅಪಾಯ ಜಾಸ್ತಿ ಇರೋ ಹೆಪಟೈಟಿಸ್ ಬಿ ಇರೋರಿಗೆ ಆರು ತಿಂಗ್ಳಿಗೊಂದ್ಸಲ ಅಲ್ಟ್ರಾಸೌಂಡ್ ಮಾಡ್ಬೇಕು ಅಂತ ಇದೆ, ಜೊತೆಗೆ ಎಎಫ್‌ಪಿ ಅನ್ನೋ ಬ್ಲಡ್ ಟೆಸ್ಟ್. ಅದು ಲಿವರ್ ಕ್ಯಾನ್ಸರಿಗೆ ಅಂತ ಇರೋದು, ಆದ್ರೆ ಅದೇ ಸ್ಕ್ಯಾನಲ್ಲಿ ಲಿವರ್ ಒಳಗಿನ ಬೇರೆ ಗಂಟು, ನಾಳ ಊದಿರೋದು ಕೂಡ ಕಣ್ಣಿಗೆ ಬೀಳುತ್ತೆ. ಏನಾದ್ರೂ ಕಂಡ್ರೆ ಸಿಟಿ, ಎಂಆರ್‌ಐ, ಎಂಆರ್‌ಸಿಪಿ (ಪಿತ್ತನಾಳ ನೋಡೋ ಎಂಆರ್‌ಐ), ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಅಂತ ಮುಂದಕ್ಕೆ ಹೋಗ್ತಾರೆ.

ಕುಡಿತಾ ಇರೋರಿಗೆ, ಶುಗರ್ ಇರೋರಿಗೆ?

ವೈರಸ್ ಜೊತೆ ಕುಡಿತ ಸೇರಿದ್ರೆ ಲಿವರ್ ಬೇಗ ಗಟ್ಟಿ ಆಗುತ್ತೆ. ಸ್ವಲ್ಪ ಕುಡಿದ್ರೆ ಪರ್ವಾಗಿಲ್ವಾ ಅಂತ ಕೇಳ್ತಾರೆ, ಬಿ ಅಥವಾ ಸಿ ಇರೋರಿಗೆ ಸ್ವಲ್ಪನೂ ಬೇಡ. ಶುಗರ್, ಬೊಜ್ಜು, ಫ್ಯಾಟಿ ಲಿವರ್, ಸಿಗರೇಟು ಇವೂ ಪಿತ್ತನಾಳದ ಕ್ಯಾನ್ಸರಿನ ಅಪಾಯ ಒಂದಿಷ್ಟು ಜಾಸ್ತಿ ಮಾಡೋವೇ.

ಮೀನು ತಿಂದ್ರೆ ಪಿತ್ತನಾಳದ ಕ್ಯಾನ್ಸರ್ ಬರುತ್ತೆ ಅಂತ ವಿಡಿಯೋ ನೋಡ್ದೆ. ನಮ್ಮ ಕೆರೆ ಮೀನು?

ಆ ವಿಡಿಯೋ ಥಾಯ್ಲೆಂಡಿಂದಿರ್ಬೇಕು. ಈ ಕ್ಯಾನ್ಸರ್ ಪ್ರಪಂಚದಲ್ಲೇ ಅತಿ ಹೆಚ್ಚು ಇರೋದು ಅಲ್ಲಿನ ಈಶಾನ್ಯ ಭಾಗದಲ್ಲಿ. ಅಲ್ಲಿ ನದಿ ಕೆರೆ ಮೀನನ್ನ ಹಸಿಯಾಗಿ ತಿಂತಾರೆ, ಅದರಲ್ಲಿರೋ ಲಿವರ್ ಫ್ಲೂಕ್ ಅನ್ನೋ ಚಪ್ಪಟೆ ಹುಳ ಪಿತ್ತನಾಳದಲ್ಲೇ ಮನೆ ಮಾಡ್ಕೊಂಡು ವರ್ಷಗಟ್ಲೆ ಗಾಯ ಮಾಡುತ್ತೆ. ಚೀನಾ, ಕೊರಿಯಾ ಕಡೆ ಅದರ ಇನ್ನೊಂದು ಜಾತಿ ಇದೆ. ನಮ್ಮಲ್ಲಿ ಕೆರೆ ಮೀನನ್ನ ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿ ಸಾರು ಮಾಡೋದು, ಬೆಂದ ಮೀನಲ್ಲಿ ಹುಳ ಉಳಿಯಲ್ಲ. ಮುದ್ದೆ ಜೊತೆ ಧಾರಾಳವಾಗಿ ತಿನ್ನಿ.

ನಮ್ಮದು ಫ್ಲೋರೈಡ್ ನೀರು, ಅದ್ರಿಂದನಾ?

ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯವ್ರು ಇದನ್ನ ತಪ್ಪದೇ ಕೇಳ್ತಾರೆ. ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತೆ, ಅದು ಬೇರೆನೇ ದೊಡ್ಡ ಸಮಸ್ಯೆ. ಪಿತ್ತನಾಳದ ಕ್ಯಾನ್ಸರಿಗೆ ಗೊತ್ತಿರೋ ಕಾರಣಗಳ ಪಟ್ಟೀಲಿ ಅದಿಲ್ಲ.

ಗಾಲ್‌ಬ್ಲಾಡರ್ ಕಲ್ಲು ಇದೆ, ಅದು ಕ್ಯಾನ್ಸರ್ ಆಗುತ್ತಾ?

ಪಿತ್ತಕೋಶದಲ್ಲಿ ಕಲ್ಲಿರೋ ಬಹಳಷ್ಟು ಜನಕ್ಕೆ ಕ್ಯಾನ್ಸರ್ ಆಗಲ್ಲ. ಲಿವರ್ ಒಳಗಿನ ನಾಳದಲ್ಲೇ ಕಲ್ಲು ಕಟ್ಟೋ ಕಾಯಿಲೆ, ಹುಟ್ಟಿನಿಂದ ನಾಳ ಊದಿರೋದು, ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಅನ್ನೋ ನಾಳದ ಉರಿಯೂತ, ಇವು ನಿಜವಾಗ್ಲೂ ಅಪಾಯ ಜಾಸ್ತಿ ಮಾಡೋವು, ಇವಿದ್ರೆ ಗ್ಯಾಸ್ಟ್ರೋ ಡಾಕ್ಟರ್ ಹತ್ರನೇ ಫಾಲೋಅಪ್ ಇರ್ಬೇಕು.

ಮನೇಲಿ ಒಬ್ರಿಗೆ ಬಿ ಇದ್ರೆ ತಟ್ಟೆ ಲೋಟ ಬೇರೆ ಇಡ್ಬೇಕಾ?

ಬೇಡ, ದಯವಿಟ್ಟು ಬೇಡ. ಒಂದೇ ತಟ್ಟೇಲಿ ಉಂಡ್ರೆ, ತಬ್ಬಿಕೊಂಡ್ರೆ, ಒಂದೇ ಬಚ್ಚಲಲ್ಲಿ ಸ್ನಾನ ಮಾಡಿದ್ರೆ, ಕೆಮ್ಮಿದ್ರೆ ಬರಲ್ಲ. ಸೊಸೆಗೆ ಬಿ ಇದೆ ಅಂತ ಗೊತ್ತಾದ್ಮೇಲೆ ಅಡುಗೆಮನೆಗೆ ಬಿಡ್ದೆ ಇರೋ ಮನೆಗಳಿವೆ, ಆ ಹೆಣ್ಣುಮಗಳು ಟೆಸ್ಟ್ ಮಾಡಿಸಿದ್ದೇ ತಪ್ಪಾಯ್ತು ಅನ್ನೋ ಹಾಗೆ ಮಾಡ್ತಾರೆ. ಆಮೇಲೆ ಆ ಓಣಿಯಲ್ಲಿ ಇನ್ಯಾರು ಟೆಸ್ಟಿಗೆ ಬರ್ತಾರೆ ಹೇಳಿ?

ಹಂಚ್ಕೋಬಾರ್ದು ಅನ್ನೋದು ಶೇವಿಂಗ್ ಬ್ಲೇಡು, ಹಲ್ಲುಜ್ಜೋ ಬ್ರಶ್ಶು, ಉಗುರು ಕತ್ತರಿಸೋದು, ಶುಗರ್ ಚುಚ್ಚೋ ಸೂಜಿ. ಬಿ ವೈರಸ್ ಒಣಗಿದ ರಕ್ತದಲ್ಲಿ ಮೈ ಹೊರಗೂ ಕಮ್ಮಿ ಅಂದ್ರೂ ಏಳು ದಿನ ಬದುಕಿರುತ್ತೆ, ಹಂಗಾಗಿ ಕಟಿಂಗ್ ಶಾಪಲ್ಲಿ ಹೊಸ ಬ್ಲೇಡ್ ಹಾಕಣ್ಣ ಅಂತ ಬಾಯಿಬಿಟ್ಟು ಕೇಳಿ, ಜಾತ್ರೇಲಿ ಹಚ್ಚೆ ಹಾಕಿಸ್ಕೊಳ್ಳೋ ಹುಡುಗ್ರೂ ಅಷ್ಟೆ, ಸೂಜಿ ಹೊಸದಾ ಅಂತ ನೋಡಿ. ಮನೆಯವ್ರೆಲ್ಲ ಟೆಸ್ಟ್ ಮಾಡಿಸಿ, ನೆಗೆಟಿವ್ ಇರೋರು ಲಸಿಕೆ ಹಾಕಿಸ್ಕೊಳ್ಳಿ: ಇವತ್ತು ಒಂದು, ತಿಂಗ್ಳಿಗೆ ಒಂದು, ಆರನೇ ತಿಂಗ್ಳಿಗೆ ಒಂದು. ಗಂಡ ಹೆಂಡ್ತಿಯಲ್ಲಿ ಒಬ್ರಿಗಿದ್ರೆ ಇನ್ನೊಬ್ರಿಗೆ ಲಸಿಕೆ ಕೆಲಸ ಮಾಡೋ ತನಕ ಕಾಂಡೋಮ್ ಬಳಸ್ಬೇಕು. ಲಸಿಕೆ ಬಿಗೆ ಮಾತ್ರ, ಸಿಗೆ ಲಸಿಕೆ ಇನ್ನೂ ಇಲ್ಲ.

ಗರ್ಭಿಣಿಗೆ ಬಿ ಪಾಸಿಟಿವ್ ಬಂದಿದೆ, ಮಗು ಕಥೆ ಏನು?

ಮಗುನ ಕಾಪಾಡಬಹುದು. ಹುಟ್ಟಿದ 24 ಗಂಟೆ ಒಳಗೆ ಲಸಿಕೆ, ಜೊತೆಗೆ ಎಚ್‌ಬಿಐಜಿ ಅನ್ನೋ ಇಂಜೆಕ್ಷನ್, ಅದು ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಆಮೇಲೆ ಎಲ್ಲಾ ಮಕ್ಳ ಹಾಗೆ 6, 10, 14 ವಾರಕ್ಕೆ ಪೆಂಟಾವೇಲೆಂಟ್, ಬಿ ಸೇರಿ ಐದು ಕಾಯಿಲೆಗೆ ಒಟ್ಟಿಗೆ ಕೊಡೋ ಲಸಿಕೆ ಅದು. ತಾಯಿಗೆ ವೈರಲ್ ಲೋಡ್ ಜಾಸ್ತಿ ಇದ್ರೆ ಕೊನೆ ತಿಂಗಳುಗಳಲ್ಲಿ ಟೆನೊಫೊವಿರ್ ಕೊಡ್ತಾರೆ. ಎದೆಹಾಲು ಕುಡಿಸಬಹುದು. ಹೆರಿಗೆಗೆ ತವರಿಗೆ ಹೋಗ್ತಾರಲ್ಲ, ಆಗ ತಾಯಿ ಕಾರ್ಡು, ಈ ರಿಪೋರ್ಟು ಎರಡೂ ಬ್ಯಾಗಲ್ಲಿ ಮೊದ್ಲು ಇಡಿ, ಚಿಂತಾಮಣೀಲಿ ತೋರಿಸ್ತಿದ್ದೋರು ತಿಪಟೂರಲ್ಲಿ ಹೆತ್ರೆ ಅಲ್ಲಿನ ಸಿಸ್ಟರಿಗೆ ಇದು ಗೊತ್ತಾಗೋದು ಹೆಂಗೆ? ರಾತ್ರಿ ಎರಡು ಗಂಟೆಗೆ ಹೆರಿಗೆ ಆದ್ರೂ ಮಗುಗೆ ಲಸಿಕೆ ಆಯ್ತಾ ಅಂತ ಕೇಳೋದು ಅಜ್ಜಿದೋ ಅಪ್ಪನದ್ದೋ ಕೆಲಸ ಅಂತ ಮೊದ್ಲೇ ಮಾತಾಡ್ಕೊಳ್ಳಿ.

ನಮ್ಮ ದೇಶದಲ್ಲಿ ಮಕ್ಳಿಗೆ ಹೆಪಟೈಟಿಸ್ ಬಿ ಲಸಿಕೆ ಎಲ್ಲಾ ರಾಜ್ಯಕ್ಕೂ ಬಂದಿದ್ದು 2011ರ ಹೊತ್ತಿಗೆ, ಅಂದ್ರೆ ಈಗಿನ ದೊಡ್ಡೋರಲ್ಲಿ ಬಹಳ ಜನಕ್ಕೆ ಆಗಿಲ್ಲ. ತೈವಾನಲ್ಲಿ 1984ರಲ್ಲೇ ಬಿ ಇರೋ ತಾಯಂದ್ರ ಮಕ್ಳಿಗೆ ಶುರು ಮಾಡಿ 1986ರಲ್ಲಿ ಎಲ್ಲಾ ಮಕ್ಳಿಗೂ ಕೊಟ್ರು, ಅಲ್ಲಿ ಮಕ್ಳ ಲಿವರ್ ಕ್ಯಾನ್ಸರೇ ಇಳಿದುಹೋಯ್ತು. ಬಿ ವೈರಸ್ ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಹುಟ್ಟಿದ ದಿನ ಜುಲೈ 28, ಅದನ್ನೇ ವಿಶ್ವ ಹೆಪಟೈಟಿಸ್ ದಿನ ಅಂತ ಮಾಡ್ತಾರೆ.

ಕ್ಯಾನ್ಸರ್ ಅಂತ ಗೊತ್ತಾದ್ರೆ ಚಿಕಿತ್ಸೆ ಇದೆಯಾ?

ಬೇಗ ಸಿಕ್ಕಿದ್ರೆ ಆಪರೇಷನ್, ಪೂರ್ತಿ ಗುಣ ಆಗೋ ದಾರಿ ಹೆಚ್ಚುಕಮ್ಮಿ ಅದೊಂದೇ. ಲಿವರಿನ ಆ ಭಾಗನೇ ತೆಗೀತಾರೆ, ಮಿಕ್ಕ ಲಿವರ್ ಚೆನ್ನಾಗಿದ್ರೆ ಅದು ಬೆಳ್ಕೊಳ್ಳುತ್ತೆ. ಇಲ್ಲೇ ಹೆಪಟೈಟಿಸ್ ಮತ್ತೆ ಅಡ್ಡ ಬರೋದು, ಸಿರೋಸಿಸ್ ಆಗಿದ್ರೆ ಅಷ್ಟು ಲಿವರ್ ತೆಗೆಯೋಕೆ ಆಗಲ್ಲ. ನಾಳ ಕಟ್ಕೊಂಡಿದ್ರೆ ಇಆರ್‌ಸಿಪಿ ಮಾಡಿ, ಅಂದ್ರೆ ಬಾಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿ, ನಾಳ ತೆರೆದಿಡೋಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಇಡ್ತಾರೆ, ಕಾಮಾಲೆ ಇಳಿಯುತ್ತೆ, ನವೆ ಹೋಗುತ್ತೆ, ಊಟ ಸೇರುತ್ತೆ. ಆಪರೇಷನ್ ಆಗಲ್ಲ ಅಂದ್ರೆ ಜೆಮ್‌ಸಿಟಬಿನ್, ಸಿಸ್‌ಪ್ಲಾಟಿನ್ ಕೀಮೋ, ಈಗ ಅದರ ಜೊತೆ ಇಮ್ಯುನೋಥೆರಪಿ ಕೂಡ ಬಂದಿದೆ, ಆದ್ರೆ ದುಬಾರಿ.

ಯಾವ ಕ್ಯಾನ್ಸರಿಗೇ ಆಗ್ಲಿ, ಕೀಮೋ ಶುರು ಮಾಡೋಕ್ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ಅಂತ ಕೇಳಿ. ಕೀಮೋ, ತುಂಬಾ ದಿನದ ಸ್ಟೀರಾಯ್ಡ್ ಇವು ಮಲಗಿರೋ ಬಿ ವೈರಸ್ಸನ್ನ ಎಬ್ಬಿಸ್ಬಿಡುತ್ತೆ. ಮೊದ್ಲೇ ಗೊತ್ತಿದ್ರೆ ಮಾತ್ರೆ ಕೊಟ್ಟು ತಡೀತಾರೆ.

ಎಲ್ಲಿಗೆ ಹೋಗ್ಬೇಕು, ಖರ್ಚೆಷ್ಟು?

2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡರ ಟೆಸ್ಟು, ಮಾತ್ರೆ ಫ್ರೀ. ತುಮಕೂರು ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ, ನಿಮಗೆ ಹತ್ರ ಇರೋ ಕಡೆ ಹೋಗಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ, ಸುಮ್ನೆ ಹೆಪಟೈಟಿಸ್ ಮಾತ್ರೆ ಎಲ್ಲಿ ಅಂದ್ರೆ ಒಂದ್ ಕೌಂಟರಿಂದ ಇನ್ನೊಂದ್ ಕೌಂಟರಿಗೆ ಅಲೆಯೋದಾಗುತ್ತೆ. ಇಆರ್‌ಸಿಪಿ, ದೊಡ್ಡ ಆಪರೇಷನ್ ಅಂದ್ರೆ ಹೆಚ್ಚಾಗಿ ಬೆಂಗಳೂರಿಗೇ ಕಳಿಸ್ತಾರೆ, ಕಿದ್ವಾಯಿಗೋ ವಿಕ್ಟೋರಿಯಾ ಆವರಣದ ಗ್ಯಾಸ್ಟ್ರೋ ಆಸ್ಪತ್ರೆಗೋ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗ್ಬೇಕಂದ್ರೆ ಜಿಲ್ಲಾಸ್ಪತ್ರೆ ರೆಫರಲ್ ಚೀಟಿ, ರೇಷನ್ ಕಾರ್ಡು, ಆಧಾರ್ ಇಟ್ಕೊಂಡು ಹೋಗಿ, ಚೀಟಿ ಇಲ್ದೆ ಹೋಗಿ ವಾಪಸ್ ಬರೋರೇ ಜಾಸ್ತಿ. ಹಳೇ ಸ್ಕ್ಯಾನ್ ಫಿಲಂಗಳನ್ನೂ ತಗೊಂಡು ಹೋಗಿ, ಬರೀ ರಿಪೋರ್ಟ್ ಹಾಳೆ ಸಾಲಲ್ಲ.

ಟೆಸ್ಟಿಗೆ ಖಾಲಿ ಹೊಟ್ಟೇಲಿ ಬರ್ಬೇಕಾ?

ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಸಿವಿ ಎರಡಕ್ಕೂ ಬೇಡ, ತಿಂಡಿ ತಿಂದ್ಕೊಂಡೇ ಬನ್ನಿ. ಹೊಟ್ಟೆ ಸ್ಕ್ಯಾನಿಗೆ ಮಾತ್ರ ಆರೇಳು ಗಂಟೆ ಏನೂ ತಿನ್ನಬಾರ್ದು, ತಿಂದ್ರೆ ಗಾಲ್‌ಬ್ಲಾಡರ್ ಮುದುಡಿಕೊಂಡು ಸರಿಯಾಗಿ ಕಾಣಲ್ಲ. ಎರಡೂ ಒಂದೇ ದಿನ ಮುಗಿಸ್ಬೇಕು ಅಂದ್ರೆ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬಂದು ಸ್ಕ್ಯಾನ್ ಮೊದ್ಲು ಮುಗಿಸಿ, ಆಮೇಲೆ ಬ್ಲಡ್ ಕೊಡಿ. ಕಾರ್ಡ್ ಟೆಸ್ಟಿಗೆ ಅರ್ಧ ಗಂಟೆ ಸಾಕು, ಊರಿಗೆ ವಾಪಸ್ ಹೋಗೋಕ್ ಮುಂಚೆ ರಿಪೋರ್ಟ್ ಕೈಗೆ ಸಿಗುತ್ತೆ.